ರೇಷನ್ ಅಕ್ಕಿ ಇದೆ, ಸಾರಿಗೇನಿದೆ?

ಅಮೆರಿಕದಲ್ಲಿರುವ ಮಗಳು ಫೋನಿನಲ್ಲಿ ಹೇಳುತ್ತಿದ್ದಳು. ಅವಳಿರುವ ಹಳ್ಳಿಗಾಡಿನಲ್ಲಿ ಒಂದು ಕಟ್ಟು ಸೊಪ್ಪು ಬೇಕೆಂದರೂ ಕಾರು ತೆಗೆದು ಅರ್ಧ ಗಂಟೆ ಹೋಗಬೇಕಂತೆ. ಅಂಥ ಜಾಗಕ್ಕೆ ‘ಫುಡ್ ಡೆಸರ್ಟ್’, ಅಂದರೆ ಆಹಾರದ ಮರುಭೂಮಿ ಅನ್ನುತ್ತಾರಂತೆ. ನನ್ನ ತವರು ಅರಕಲಗೂಡಿನ ಕಡೆ. ನೀರಿದೆ, ಹಸಿರಿದೆ. ಆದರೂ ಮೊನ್ನೆ ಅಣ್ಣನ ಮನೆಗೆ ಹೋದಾಗ ಮೂರು ದಿನವೂ ಟೊಮೆಟೊ ಸಾರೇ. ನಮ್ಮ ಸೀಮೆಯನ್ನೂ ಹಾಗೆ ಕರೆಯಬಹುದೇ?
— ಓದುಗರೊಬ್ಬರು, ಹಾಸನ

ನಿಮ್ಮ ಅಣ್ಣನ ಮನೆಗೆ ನೀವು ಹೋಗಿದ್ದು ಸಂತೆಯಾದ ಎಷ್ಟನೇ ದಿನಕ್ಕೆ? ಮೊದಲು ಇದನ್ನು ಹೇಳಿ.

ಅಮೆರಿಕದ ಕೃಷಿ ಇಲಾಖೆ ಹಳ್ಳಿಗಾಡಿಗೆ ಇಟ್ಟುಕೊಂಡಿರುವ ಅಳತೆ ಹತ್ತು ಮೈಲಿ, ಅಂದರೆ 16 ಕಿಲೋಮೀಟರ್. ಅಷ್ಟರೊಳಗೆ ದೊಡ್ಡ ದಿನಸಿ ಅಂಗಡಿ ಇಲ್ಲದ ಬಡ ಪ್ರದೇಶ ‘ಫುಡ್ ಡೆಸರ್ಟ್’ ಲೆಕ್ಕಕ್ಕೆ ಸೇರುತ್ತದೆ. ಈ ಅಳತೆಗೋಲು ನಮ್ಮಲ್ಲಿ ನಡೆಯುವುದಿಲ್ಲ. ನಮ್ಮ ಊರೂರಿಗೂ ಚಿಲ್ಲರೆ ಅಂಗಡಿ ಇದೆ. ಅದರ ಬಾಗಿಲಿಗೆ ಐದು ರೂಪಾಯಿಯ ಕುರುಕಲು ಪೊಟ್ಟಣಗಳು ತೋರಣದ ಹಾಗೆ ತೂಗುತ್ತವೆ. ಒಳಗೆ ಈರುಳ್ಳಿ, ಆಲೂಗೆಡ್ಡೆ, ಟೊಮೆಟೊ, ಬನ್ನು, ಬೀಡಿ. ಸೊಪ್ಪು ಇಟ್ಟರೆ ಸಂಜೆಗೆ ಬಾಡುತ್ತದೆ, ಅಂಗಡಿಯವನು ಯಾಕೆ ಇಡುತ್ತಾನೆ?

ಹಾಗಾಗಿ ನಮ್ಮಲ್ಲಿ ದೂರವನ್ನು ದಿನದಲ್ಲಿ ಎಣಿಸಬೇಕು. ವಾರಕ್ಕೊಂದು ಸಂತೆ. ತಂದ ಸೊಪ್ಪು, ಹುರುಳಿಕಾಯಿ, ಬದನೆ ಮೂರು ದಿನಕ್ಕೆ ಮುಗಿಯುತ್ತದೆ. ಆಮೇಲೆ ಟೊಮೆಟೊ, ಒಣಮೆಣಸಿನಕಾಯಿ, ಹುಣಸೆಹಣ್ಣು. ಫ್ರಿಜ್ ಇಲ್ಲದ ಮನೆಯಲ್ಲಿ ಐದನೇ ದಿನದ ಸಾರು ನೋಡಿದರೆ ಸಾಕು, ಆ ಮನೆಯ ಪೌಷ್ಟಿಕತೆಯ ವರದಿ ಬರೆಯಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನ ಟಿಕೆಟ್ ಇಲ್ಲ, ನಿಜ. ಆದರೆ ಊರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಬರುವ ಕಡೆ, ಕೂಲಿ ಬಿಟ್ಟು ದಂಟಿನ ಸೊಪ್ಪಿಗೆಂದು ಅರಕಲಗೂಡಿಗೆ ಯಾರು ಹೋಗುತ್ತಾರೆ?

ಇನ್ನೊಂದು ವಿಷಯವನ್ನು ನಿಮ್ಮ ತವರೇ ಚೆನ್ನಾಗಿ ಬಲ್ಲದು. ಹಿಂದೆ ರಾಗಿ ಹೊಲವೆಂದರೆ ಬರೀ ರಾಗಿಯಲ್ಲ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅಂಚಿಗೆ ಸಾಸಿವೆ, ಜೋಳ. ರಾಗಿ ಮನೆಗೆ ಬರುವ ಹೊತ್ತಿಗೆ ಅವರೆಯ ಸೊಗಡು ಶುರುವಾಗುತ್ತಿತ್ತು. ಸಂತೆ ಇರಲಿ ಬಿಡಲಿ, ಹೊಲವೇ ಅಂಗಡಿ. ಇಂದು ಅರಕಲಗೂಡಿನ ಕೆಂಪು ಹೊಲಗಳಲ್ಲಿ ಹೊಗೆಸೊಪ್ಪು, ಶುಂಠಿ. ಹೊಗೆಸೊಪ್ಪಿಗೆ ರಾಮನಾಥಪುರದಲ್ಲಿ ಹರಾಜು ಮಾರುಕಟ್ಟೆಯೇ ಇದೆ. ಅವರೆಕಾಯಿಗೆ ಅಂಥದ್ದು ಎಲ್ಲಿದೆ? ಹಾಸನದ ಕಡೆ ಆಲೂಗೆಡ್ಡೆ, ಅದಕ್ಕೆ ಅಂಗಮಾರಿ ಹೊಡೆದ ಮೇಲೆ ಮುಸುಕಿನ ಜೋಳ. ಚನ್ನರಾಯಪಟ್ಟಣದ ಕಡೆ ತೆಂಗು. ಇವೆಲ್ಲ ದುಡ್ಡು ತರುವ ಬೆಳೆ. ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಊಟ ದಿನಕ್ಕೆ ಮೂರು ಸಲ.

ರಾಗಿ ಬೆಳೆಯುವವರೂ ಈಗ ಕಳೆನಾಶಕ ಹೊಡೆದು, ಮೆಷಿನ್‌ನಲ್ಲಿ ಕೊಯ್ಲು ಮಾಡಿಸುತ್ತಾರೆ. ಮೆಷಿನ್ನಿಗೆ ಅಕ್ಕಡಿ ಸಾಲು ಅಡ್ಡ. ಕಳೆನಾಶಕಕ್ಕೆ ಅಣ್ಣೆಸೊಪ್ಪೂ ಒಂದೇ, ಮಿಕ್ಕ ಕಳೆಯೂ ಒಂದೇ. ಬೆರಕೆ ಸೊಪ್ಪಿನ ಮಸ್ಸೊಪ್ಪು ಮರೆಯಾದದ್ದು ಹೀಗೆ. ಅದಕ್ಕೆ ಯಾರೂ ಬೆಲೆ ಕಟ್ಟಿರಲಿಲ್ಲ, ಹೋದದ್ದೂ ಯಾರ ಲೆಕ್ಕಕ್ಕೂ ಬರಲಿಲ್ಲ.

ಹೊಗೆಸೊಪ್ಪು ಬಿಡಿ ಎಂದು ನಾನು ಪಟ್ಟಣದಲ್ಲಿ ಕೂತು ನಿಮ್ಮ ಅಣ್ಣನಿಗೆ ಹೇಳಲಾರೆ, ಅವರ ಸಾಲ ನಾನು ತೀರಿಸುವುದಿಲ್ಲವಲ್ಲ. ಆದರೆ ಬಚ್ಚಲ ನೀರು ಹರಿಯುವ ಕಡೆ ಒಂದು ನುಗ್ಗೆ, ಒಂದು ಪಪ್ಪಾಯ, ಬೇಲಿಗೆ ಚಪ್ಪರದವರೆ, ಎರಡು ಮಡಿ ದಂಟು–ಹರಿವೆ ಇಷ್ಟಕ್ಕೆ ಎಕರೆ ಬೇಕಿಲ್ಲ. ಬಸಳೆಬಳ್ಳಿ ಒಮ್ಮೆ ಹಬ್ಬಿದರೆ ಸಂತೆಯಾದ ಐದನೇ ದಿನಕ್ಕೆ ಅದೇ ಸಾರು.

ನಾಲ್ಕು ಜನರ ಸಂಸಾರ. ಬಿಪಿಎಲ್ ಕಾರ್ಡಿಗೆ ಅಕ್ಕಿ ಸಾಕಷ್ಟು ಬರುತ್ತೆ, ಮಿಕ್ಕಿದ್ದನ್ನು ಕೆಲವರು ಮಾರಿಕೊಳ್ಳುವುದೂ ಉಂಟು. ಆದರೂ ಅಂಗನವಾಡಿಯಲ್ಲಿ ಮಗು ತೂಕ ಕಮ್ಮಿ ಅಂತಾರೆ. ಹೊಟ್ಟೆ ತುಂಬಾ ಉಣ್ಣಿಸುತ್ತೀನಲ್ಲ?
— ಗೃಹಿಣಿ, ಹೊಳೆನರಸೀಪುರ ತಾಲ್ಲೂಕು

ಹೊಟ್ಟೆ ತುಂಬುತ್ತಿದೆಯಮ್ಮ, ತಪ್ಪು ನಿಮ್ಮದಲ್ಲ. ಲೆಕ್ಕ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ದೊಡ್ಡವರೊಬ್ಬರಿಗೆ ದಿನಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ–ಮಾಂಸ 85 ಗ್ರಾಂ, ತರಕಾರಿ–ಸೊಪ್ಪು 400 ಗ್ರಾಂ, ಹಾಲು 300 ಮಿಲಿ ಲೀಟರ್. ತಿಂಗಳಿಗೆ ಧಾನ್ಯ ಏಳೂವರೆ ಕೆ.ಜಿ. ಆಯಿತು. ಮೈಮುರಿದು ದುಡಿಯುವವರಿಗೆ ಹೆಚ್ಚು ಬೇಕು, ಇರಲಿ. 2025ರ ಆರಂಭದಿಂದ ತಲಾ 10 ಕೆ.ಜಿ. ಅಕ್ಕಿ ಕೊಟ್ಟಾಗ ಆ ಗೆರೆ ದಾಟಿಯೇ ಹೋಯಿತು. ಬೇಳೆಕಾಳು ಮಾತ್ರ ತಲಾ ಎರಡೂವರೆ ಕೆ.ಜಿ. ಬೇಕು, ನಾಲ್ಕು ಜನಕ್ಕೆ ಹೆಚ್ಚುಕಡಿಮೆ 10 ಕೆ.ಜಿ. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ತರುತ್ತೀರಿ? ಎರಡು ಕೆ.ಜಿ. ದಾಟುವ ಮನೆಗಳು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ.

ಅನ್ನಭಾಗ್ಯ 2013ರ ಜುಲೈನಲ್ಲಿ ಬಂದಾಗ ಹಸಿದು ಮಲಗುವುದು ತಪ್ಪಿತು. ಅದನ್ನು ಹಗುರವಾಗಿ ಮಾತಾಡುವವರ ಪೈಕಿ ನಾನಲ್ಲ. ಈಗಿನ ಕೊರತೆ ತಟ್ಟೆಯ ಇನ್ನೊಂದು ಪಕ್ಕದ್ದು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟವೇ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ಒಪ್ಪಿದ್ದಕ್ಕೆ ಇದೂ ಒಂದು ಕಾರಣ.

ಮಗುವಿಗೆ ಏನು ಮಾಡುವುದು? ಅನ್ನದ ಒಂದು ಹೊತ್ತನ್ನು ರಾಗಿಗೆ ತಿರುಗಿಸಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶ, ಪಾಲಿಷ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ರೇಷನ್ನಿನಲ್ಲಿ ರಾಗಿ ಬಂದ ತಿಂಗಳು ಬಿಡಬೇಡಿ. ಮೊಳಕೆ ಕಟ್ಟಿದ ಹುರಳಿಕಾಳು ವಾರಕ್ಕೆರಡು ಸಲ ಸಾರಾಗಲಿ, ಅದು ತೊಗರಿಬೇಳೆಗಿಂತ ಅಗ್ಗ. ಬಸ್ಸಾರು ಮಾಡಿದರೆ ಕಟ್ಟು ದೊಡ್ಡವರಿಗೆ, ಕಾಳು–ಸೊಪ್ಪಿನ ಪಲ್ಯ ಮೊದಲು ಮಗುವಿಗೆ. ನಮ್ಮ ಮನೆಗಳಲ್ಲಿ ಇದು ತಿರುಗುಮುರುಗಾಗಿ ನಡೆಯುತ್ತದೆ. ತೂಕ ಏರದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಜಂತುಹುಳುವೂ ಕಾರಣವಿರಬಹುದು.

ನಮ್ಮಜ್ಜಿಗೆ ಎಪ್ಪತ್ತೆಂಟು. ಸೊಸೈಟಿಯಲ್ಲಿ ಹೆಬ್ಬೆಟ್ಟು ತಗೊಳ್ಳಲ್ಲ. ‘ನಾಳೆ ಬಾ, ಸರ್ವರ್ ಇಲ್ಲ’ ಅಂತ ಎರಡು ಸಲ ವಾಪಸ್ ಕಳಿಸಿದರು. ಮೂರು ಕಿಲೋಮೀಟರ್ ನಡೆದುಹೋಗ್ತಾರೆ.
— ಮೊಮ್ಮಗ, ಚನ್ನರಾಯಪಟ್ಟಣ ತಾಲ್ಲೂಕು

ಜೀವಮಾನವಿಡೀ ಮುಸುರೆ ತಿಕ್ಕಿದ, ಕಳೆ ಕಿತ್ತ ಬೆರಳಿನಲ್ಲಿ ಗೆರೆ ಉಳಿಯುವುದಿಲ್ಲ, ಯಂತ್ರಕ್ಕೆ ಅದು ಅರ್ಥವಾಗುವುದಿಲ್ಲ. ಬೆರಳಚ್ಚು ಹೊಂದಲಿಲ್ಲವೆಂದು ಧಾನ್ಯ ನಿರಾಕರಿಸಬಾರದು ಎಂದು ಕೇಂದ್ರ ಆಹಾರ ಇಲಾಖೆ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಅಂಗಡಿಯವರ ಬಳಿ ಆಧಾರಿಗೆ ಜೋಡಿಸಿದ ಮೊಬೈಲಿನ ಓಟಿಪಿ ಮೂಲಕ ಕೊಡಿ ಎಂದು ಕೇಳಿ. ಕಾರ್ಡಿನಲ್ಲಿ ಮನೆಯ ಬೇರೆಯವರ ಹೆಸರಿದ್ದರೆ ಅವರು ಹೆಬ್ಬೆಟ್ಟು ಕೊಟ್ಟರೂ ಆಯಿತು. ಅಜ್ಜಿ ಒಬ್ಬರದೇ ಕಾರ್ಡಾದರೆ, ಒಂಟಿ ಹಿರಿಯರ ಮನೆಗೇ ತಲುಪಿಸುವ ‘ಅನ್ನ ಸುವಿಧಾ’ದಲ್ಲಿ ಹೆಸರು ಸೇರುತ್ತದೆಯೇ ಎಂದು ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ವಿಚಾರಿಸಿ. ಇಷ್ಟಕ್ಕೂ ಆಗದಿದ್ದರೆ 1967ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬಾಯಿಮಾತಿನ ಜಗಳ ಬೇಡ, ಮುಂದಿನ ತಿಂಗಳೂ ಅದೇ ಅಂಗಡಿಗೆ ಹೋಗಬೇಕು.

ಶುಂಠಿ ಕೆಲಸಕ್ಕೆ ಬಂದಿರೋ ರಾಯಚೂರು ಕಡೆಯ ಕೂಲಿಯವರಿಗೆ ಇಲ್ಲಿ ರೇಷನ್ ಸಿಗುತ್ತಾ?
— ಅರಕಲಗೂಡು

ಸಿಗಬೇಕು. ರಾಜ್ಯದೊಳಗೆ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಪಡೆಯಬಹುದು, ಕಾರ್ಡ್ ಸಂಖ್ಯೆ ಮತ್ತು ಹೆಬ್ಬೆಟ್ಟು ಸಾಕು. ತಿಂಗಳ ಮೊದಲ ಭಾಗದಲ್ಲೇ ಹೋಗಲಿ. ಕೊನೆಗೆ ಹೋದರೆ ‘ನಮ್ಮೂರವರಿಗೇ ಸಾಲದು’ ಎಂಬ ಉತ್ತರ ಕಾದಿರುತ್ತದೆ.

ಎರಡು ಸೀಮೆಹಸು ಕಟ್ಟಿದ್ದೇವೆ. ಹಾಲೆಲ್ಲ ಡೈರಿಗೆ. ಮಕ್ಕಳಿಗೆ ಟೀ ಕೊಡ್ತೀವಿ. ಅತ್ತೆ ಕೇಳಿದರೆ ‘ಕುಡಿದರೆ ಬಟವಾಡೆ ಎಲ್ಲಿಂದ ಬರುತ್ತೆ’ ಅಂತಾರೆ.
— ಸೊಸೆ, ಹಾಸನ ತಾಲ್ಲೂಕು

ಅತ್ತೆಯವರ ಮಾತು ತಳ್ಳಿಹಾಕುವಂಥದ್ದಲ್ಲ. ಡೈರಿಯ ಬಟವಾಡೆಯಿಂದಲೇ ಈ ಜಿಲ್ಲೆಯ ಎಷ್ಟೋ ಮನೆಗಳ ಶಾಲೆ ಫೀಸು, ಔಷಧಿ ನಡೆದಿದೆ. ಆದರೆ ಲೋಟ ಹಿಡಿದು ಲೆಕ್ಕ ಹಾಕಿ. ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು 150 ಮಿಲಿ, ಅದೂ ಹಾಲಿನಪುಡಿಯದ್ದು, ರಜೆಯಲ್ಲಿ ಅದಿಲ್ಲ. ಹಸು ಕಟ್ಟಿದ ಮನೆಯ ಮಗು ಪುಡಿಹಾಲಿಗೆ ಕಾಯುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ. ಕರೆದ ಕೂಡಲೇ, ಕ್ಯಾನಿಗೆ ಸುರಿಯುವ ಮುಂಚೆ, ಅರ್ಧ ಲೀಟರ್ ಬೇರೆ ಪಾತ್ರೆಗೆ ತೆಗೆದಿಡಿ. ಸುರಿದ ಮೇಲೆ ತೆಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಅತ್ತೆಗೂ ಒಂದು ಲೋಟ ಕೊಡಿ, ಅವರ ಮಂಡಿಗೂ ಬೇಕು. ಊಟದ ಜೊತೆಗೆ ಟೀ ಬೇಡ, ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತದಂತೆ ಅದು ತಡೆಯುತ್ತದೆ.

ರೇಷನ್ ಅಕ್ಕೀಲಿ ಪ್ಲಾಸ್ಟಿಕ್ ಕಾಳು ಬರ್ತಿದೆ. ನೀರಲ್ಲಿ ತೇಲುತ್ತೆ. ಆರಿಸಿ ಬಿಸಾಕ್ತಿದ್ದೀವಿ.
— ಹಲವರು ಕೇಳಿದ್ದಾರೆ

ಬಿಸಾಡಬೇಡಿ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಚ್ಚಿನಲ್ಲಿ ಒತ್ತಿದ ಕಾಳು, ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಬಣ್ಣ ಸ್ವಲ್ಪ ಮಾಸಲು, ಹಗುರವಾದ್ದರಿಂದ ತೇಲುತ್ತದೆ. ಒಂದೆರಡು ಸಲ ತೊಳೆದರೆ ಸಾಕು, ಗಂಜಿ ಬಸಿಯದೆ ಅನ್ನ ಮಾಡಿ. ಥಲಸ್ಸೀಮಿಯಾ, ಸಿಕಲ್ ಸೆಲ್ ಇರುವವರು ಮಾತ್ರ ವೈದ್ಯರನ್ನು ಕೇಳಿ ತಿನ್ನಲಿ. ತೇಲಿದ ಕಾಳನ್ನು ಆರಿಸಿ ಕೋಳಿಗೆ ಹಾಕುತ್ತಿದ್ದೇನೆಂದು ಒಬ್ಬರು ಬರೆದಿದ್ದಾರೆ. ಆ ಮನೆಯ ಕೋಳಿಗೆ ರಕ್ತಹೀನತೆ ಬರಲಾರದು.