ಹಿತ್ತಿಲಿನಿಂದ ಕಂಡ ಗ್ರಹ

ಪ್ರಸಿದ್ಧ ಪುರುಷರು ಬಾಳಿದ ಮನೆಗಳನ್ನು ನೋಡಲು ಹೋಗುವವರು ಸಾಮಾನ್ಯವಾಗಿ ಅವರು ಕುಳಿತ ಕುರ್ಚಿಯನ್ನೂ ಮಲಗಿದ ಮಂಚವನ್ನೂ ನೋಡಿ ಹಿಂದಿರುಗುತ್ತಾರೆ. ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಅಷ್ಟರಿಂದಲೇ ತೃಪ್ತರಾಗಬಾರದು. ಪಠ್ಯಪುಸ್ತಕವು ಶೋಧನೆಯ ಫಲವನ್ನು ಒಂದೆರಡು ವಾಕ್ಯಗಳಲ್ಲಿ ಹೇಳಿ ಮುಗಿಸುತ್ತದೆ. ಆ ಫಲಕ್ಕಾಗಿ ಯಾರು ಯಾರು ದುಡಿದರು, ದಾರಿಯಲ್ಲಿ ಏನೇನು ಕೆಟ್ಟಿತು ಎಂಬುದನ್ನು ಕೆಲವೊಮ್ಮೆ ಮನೆಯ ನೆಲವೇ ಹೇಳುತ್ತದೆ. ಇದಕ್ಕೆ ನಿದರ್ಶನವಾಗಿ ಇಂಗ್ಲೆಂಡಿನ ಬಾತ್ ನಗರದ ಒಂದು ಮನೆಯನ್ನು ಪರಿಶೀಲಿಸೋಣ.

ನ್ಯೂ ಕಿಂಗ್ ಬೀದಿಯ 19ನೆಯ ನಂಬರಿನ ಈ ಮನೆಯು ಅಕ್ಕಪಕ್ಕದ ಮನೆಗಳೊಡನೆ ಗೋಡೆ ಕೂಡಿಸಿ ಕಟ್ಟಿದ, ಹೆಚ್ಚು ದೊಡ್ಡದಲ್ಲದ ಕಲ್ಲಿನ ಮನೆ. 1777ರಲ್ಲಿ ವಿಲಿಯಂ ಹರ್ಷೆಲ್ ಎಂಬ ಸಂಗೀತಗಾರನು ಇಲ್ಲಿಗೆ ಬಂದನು. ನಡುವೆ ಬೇರೊಂದು ಮನೆಯಲ್ಲಿದ್ದು 1781ರಲ್ಲಿ ಮರಳಿ ಇಲ್ಲಿಯೇ ನೆಲೆಸಿದನು. ಈತನು 1738ರಲ್ಲಿ ಜರ್ಮನಿಯ ಹ್ಯಾನೋವರಿನಲ್ಲಿ ಜನಿಸಿದವನು. ಪ್ರಾರ್ಥನಾಮಂದಿರದಲ್ಲಿ ಆರ್ಗನ್ ನುಡಿಸುವುದು, ಶಿಷ್ಯರಿಗೆ ಪಾಠ ಹೇಳುವುದು, ಸಂಗೀತ ಕಚೇರಿಗಳನ್ನು ನಡೆಸುವುದು ಈತನ ಜೀವನೋಪಾಯವಾಗಿತ್ತು. ಖಗೋಳವಿಜ್ಞಾನವನ್ನು ಆತನು ಪುಸ್ತಕಗಳಿಂದಲೂ ಸ್ವಂತ ಪ್ರಯತ್ನದಿಂದಲೂ ಕಲಿತನು. ಹಗಲೆಲ್ಲ ಸ್ವರಗಳ ಸಹವಾಸ, ಇರುಳೆಲ್ಲ ನಕ್ಷತ್ರಗಳ ಸಹವಾಸ.

ಮೊದಲು ಹಿತ್ತಿಲಿಗೆ ಹೋಗೋಣ. 1781ನೆಯ ಇಸವಿ ಮಾರ್ಚಿ 13ರ ರಾತ್ರಿ ಹರ್ಷೆಲನು ತಾನೇ ತಯಾರಿಸಿದ 7 ಅಡಿ ಉದ್ದದ ದೂರದರ್ಶಕದಿಂದ ಮಿಥುನ ರಾಶಿಯ ಕಡೆಗೆ ನೋಡುತ್ತಿದ್ದನು. ಅದರ ದರ್ಪಣದ ವ್ಯಾಸ 6.2 ಅಂಗುಲ. ಅಲ್ಲಿ ಕಂಡ ಒಂದು ಚುಕ್ಕೆಯು ಉಳಿದವುಗಳಂತಿರಲಿಲ್ಲ. ಆತನು ವರ್ಧನವನ್ನು 227ರಿಂದ 460ಕ್ಕೂ, ಅನಂತರ 932ಕ್ಕೂ ಏರಿಸಿದನು. ವರ್ಧನವು ಹೆಚ್ಚಿದಂತೆ ಆ ಚುಕ್ಕೆಯೂ ಅದೇ ಪ್ರಮಾಣದಲ್ಲಿ ಹಿಗ್ಗಿತು. ನೆರೆಯ ನಕ್ಷತ್ರಗಳು ಹಾಗೆ ಹಿಗ್ಗಲಿಲ್ಲ. ನಕ್ಷತ್ರಗಳು ಅತಿ ದೂರದಲ್ಲಿರುವುದರಿಂದ ಅವುಗಳ ಬಿಂಬವನ್ನು ಇಂಥ ದೂರದರ್ಶಕವು ಬಿಂಬವಾಗಿ ತೋರಿಸಲಾರದು. ಹಿಗ್ಗಿದ ವಸ್ತುವು ಸಮೀಪದ್ದೇ ಆಗಿರಬೇಕು. ನಾಲ್ಕು ದಿನಗಳ ಅನಂತರ ನೋಡಿದಾಗ ಅದು ಸ್ಥಾನವನ್ನೂ ಬದಲಿಸಿತ್ತು. ಹರ್ಷೆಲನು ಅದನ್ನು ಧೂಮಕೇತುವೆಂದೇ ಭಾವಿಸಿದನು. ಇತರ ಗಣಿತಜ್ಞರು ಅದರ ಕಕ್ಷೆಯನ್ನು ಲೆಕ್ಕಹಾಕಿ, ಅದು ಸುಮಾರು ವೃತ್ತಾಕಾರವಾಗಿರುವುದನ್ನು ಕಂಡು, ಇದು ಹೊಸ ಗ್ರಹವೆಂದು ತಿಳಿಸಿದರು. ಇದೇ ಯುರೇನಸ್. ಸೂರ್ಯನಿಂದ ಶನಿಗಿರುವ ದೂರದ ಸುಮಾರು ಎರಡರಷ್ಟು ದೂರದಲ್ಲಿ ಇದು ಚಲಿಸುತ್ತದೆ. ಹೀಗೆ ಸೌರವ್ಯೂಹದ ಮೇರೆಯು ಒಬ್ಬ ಸಂಗೀತಗಾರನ ಹಿತ್ತಿಲಿನಿಂದ ಎರಡು ಪಟ್ಟು ವಿಸ್ತಾರವಾಯಿತು.

ಪುಸ್ತಕಗಳಲ್ಲಿ ಕಥೆಯು ಇಲ್ಲಿಗೆ ಮುಗಿಯುತ್ತದೆ. ನಾವು ಹಿತ್ತಿಲಿಗೆ ಹೊಂದಿಕೊಂಡಿರುವ ಕೆಲಸದ ಕೋಣೆಯನ್ನು ಪ್ರವೇಶಿಸಿ ಅದರ ನೆಲವನ್ನು ನೋಡೋಣ. ಅಲ್ಲಿನ ಹಾಸುಗಲ್ಲುಗಳು ಬಿರುಕುಬಿಟ್ಟಿವೆ. ಇದು ಕಾಲದ ಸವೆತವಲ್ಲ. ಒಂದು ಪ್ರಯೋಗವು ಕೆಟ್ಟುಹೋದುದರ ಗುರುತು.

ದೂರದರ್ಶಕವು ಸಂಗ್ರಹಿಸುವ ಬೆಳಕು ದರ್ಪಣದ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. 6.2 ಅಂಗುಲದ ಬದಲು 36 ಅಂಗುಲ ವ್ಯಾಸದ ದರ್ಪಣವಿದ್ದರೆ ಬೆಳಕು 30 ಪಟ್ಟಿಗೂ ಮಿಕ್ಕಿ ದೊರೆಯುತ್ತದೆ. ಹರ್ಷೆಲನು ಇಂಥದೊಂದು ದರ್ಪಣಕ್ಕೆ ಮನಸ್ಸುಮಾಡಿದನು. ಗಾಜಿನ ಮೇಲೆ ಬೆಳ್ಳಿಯ ತೆಳುಪದರವನ್ನು ಕೂಡಿಸಿ ದೂರದರ್ಶಕದ ದರ್ಪಣ ಮಾಡುವ ವಿಧಾನವು ಬಳಕೆಗೆ ಬಂದುದು 1850ರ ಅನಂತರ. ಹರ್ಷೆಲನ ಕಾಲದಲ್ಲಿ ತಾಮ್ರ ಮತ್ತು ತವರಗಳನ್ನು ಬೆರಸಿ ಎರಕ ಹೊಯ್ಯಬೇಕಾಗಿತ್ತು. ಈ ಮಿಶ್ರಲೋಹವು ಬಿಳುಪಾದುದು, ಹೊಳೆಯುವಂಥದು, ಆದರೆ ಬಲು ಬೇಗ ಒಡೆಯುವಂಥದು.

1781ರ ಆಗಸ್ಟಿನಲ್ಲಿ ಈ ಕೋಣೆಯಲ್ಲಿಯೇ ಕುಲುಮೆ ಸಿದ್ಧವಾಯಿತು. ಮೊದಲನೆಯ ಸಲ ಅಚ್ಚಿನಿಂದ ಲೋಹವು ಸೋರಿತು. ಉಳಿದ ದರ್ಪಣವು ತಣಿಯುವಾಗ ಸೀಳಿತು. ಎರಡನೆಯ ಸಲ 500 ಪೌಂಡಿಗಿಂತ ಹೆಚ್ಚು ಲೋಹವನ್ನು ಕರಗಿಸಿದ್ದರು. ಅದು ಕುಲುಮೆಯಿಂದಲೇ ಹೊರಕ್ಕೆ ಹರಿದು ನೆಲದ ಮೇಲೆ ಬಿದ್ದಿತು. 700 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಕಾವಿನ ಲೋಹವು ತಾಗಿದೊಡನೆ ಹಾಸುಗಲ್ಲಿನ ಮೇಲ್ಪದರವು ಹಿಗ್ಗುತ್ತದೆ. ಕಲ್ಲು ಮಂದವಾಹಕವಾದುದರಿಂದ ಕೆಳಪದರವು ತಣ್ಣಗೆಯೇ ಉಳಿಯುತ್ತದೆ. ಈ ಎಳೆದಾಟವನ್ನು ಕಲ್ಲು ತಾಳಲಾರದು. ಕಲ್ಲಿನ ರಂಧ್ರಗಳಲ್ಲಿರುವ ತೇವವು ಥಟ್ಟನೆ ಹಬೆಯಾದರೆ ಸಿಡಿತವು ಇನ್ನೂ ಉಗ್ರವಾಗುತ್ತದೆ. ಚೂರುಗಳು ಮೇಲ್ಛಾವಣಿಯೆತ್ತರಕ್ಕೆ ಹಾರಿದುವು. ವಿಲಿಯಂ, ಆತನ ತಮ್ಮ ಅಲೆಕ್ಸಾಂಡರ್ ಮತ್ತು ಎರಕದ ಆಳುಗಳು ಎದುರುಬದುರಿನ ಬಾಗಿಲುಗಳಿಂದ ಓಡಿ ಜೀವ ಉಳಿಸಿಕೊಂಡರು.

ಇದನ್ನು ಬರೆದಿಟ್ಟವಳು ತಂಗಿ ಕೆರೊಲಿನ್. ಆ ಕಲ್ಲುಗಳನ್ನು ಮೊದಲೇ ಎಬ್ಬಿಸಿ ತೆಗೆಯಬೇಕಾಗಿತ್ತೆಂದು ಆಕೆ ತನ್ನ ನೆನಪುಗಳಲ್ಲಿ ಸೇರಿಸಿದ್ದಾಳೆ. ಹೀಗೆ ಹೇಳುವ ಅಧಿಕಾರ ಆಕೆಗಿತ್ತು. ದರ್ಪಣದ ಅಚ್ಚನ್ನು ಮಾಡಿದುದು ಕುದುರೆಯ ಲದ್ದಿ ಬೆರೆತ ಮಣ್ಣಿನಿಂದ. ಲದ್ದಿಯನ್ನು ರಾಶಿ ರಾಶಿಯಾಗಿ ಒರಳಿನಲ್ಲಿ ಕುಟ್ಟಿ ಸಣ್ಣ ಜರಡಿಯಲ್ಲಿ ಸೋಸಬೇಕಾಗಿತ್ತು. ಎಷ್ಟೋ ಗಂಟೆಗಳ ಈ ಕೆಲಸದಲ್ಲಿ ಬಹುಪಾಲು ಆಕೆಯದಾಗಿತ್ತು.

ಎರಕವಾದ ಮೇಲೂ ದರ್ಪಣವನ್ನು ಉಜ್ಜಿ ನಯಗೊಳಿಸಬೇಕು. ಬೆಳಕಿನ ಅಲೆಯ ಉದ್ದವು ಒಂದು ಮಿಲಿಮೀಟರಿನ ಸುಮಾರು 2000ದಲ್ಲಿ ಒಂದು ಭಾಗ. ದರ್ಪಣದ ವಕ್ರತೆಯಲ್ಲಿ ಇರಬಹುದಾದ ತಪ್ಪು ಅದರ ಒಂದು ಸಣ್ಣ ಅಂಶವನ್ನು ಮೀರಬಾರದು. ಇಂಥ ನಿಖರತೆಯನ್ನು ಹರ್ಷೆಲನು ಬರಿಗೈಯಿಂದ ಸಾಧಿಸಿದನು. ಒಮ್ಮೆ 7 ಅಡಿಯ ದೂರದರ್ಶಕದ ದರ್ಪಣದಿಂದ 16 ಗಂಟೆಗಳ ಕಾಲ ಆತನು ಕೈ ತೆಗೆಯಲಿಲ್ಲ. ಆಗ ಕೆರೊಲಿನಳು ಆಹಾರವನ್ನು ತುತ್ತು ತುತ್ತಾಗಿ ಆತನ ಬಾಯಿಗಿಟ್ಟಳು. ಉಜ್ಜುವ ಬೇಸರ ಕಳೆಯಲೆಂದು ಕಥೆಗಳನ್ನೂ ಓದಿ ಹೇಳುತ್ತಿದ್ದಳು.

ಈ ಕೆರೊಲಿನ್ ಯಾರು? 1750ರಲ್ಲಿ ಹುಟ್ಟಿದ ಈಕೆ ಬಾಲ್ಯದಲ್ಲಿ ಟೈಫಸ್ ಜ್ವರಕ್ಕೆ ತುತ್ತಾಗಿ ಎತ್ತರ ಬೆಳೆಯಲಿಲ್ಲ. ತಾಯಿಯು ಈಕೆಯನ್ನು ಮನೆಗೆಲಸಕ್ಕೆಂದೇ ಉಳಿಸಿಕೊಳ್ಳಬಯಸಿದ್ದಳು. ಬದಲಿಗೆ ಆಳನ್ನಿಟ್ಟುಕೊಳ್ಳಲು ಹಣ ಕೊಡುವೆನೆಂದು ಒಪ್ಪಿಸಿ ವಿಲಿಯಮನು 1772ರಲ್ಲಿ ತಂಗಿಯನ್ನು ಬಾತಿಗೆ ಕರೆತಂದನು. ಆಕೆ ಕಲಿಯಬಂದುದು ಹಾಡುಗಾರಿಕೆಯನ್ನು. ಕಚೇರಿಗಳಲ್ಲಿ ಮುಖ್ಯ ಗಾಯಕಿಯಾಗಿ ಹಾಡಿದಳು ಕೂಡ. ಗ್ರಹ ದೊರೆತ ಮೇಲೆ 1782ರಲ್ಲಿ ರಾಜನು ವಿಲಿಯಮನಿಗೆ ವರ್ಷಕ್ಕೆ 200 ಪೌಂಡು ವೇತನ ಗೊತ್ತುಮಾಡಿದನು. ಅಣ್ಣನು ಸಂಗೀತವನ್ನು ಬಿಟ್ಟು ಬಾತ್ ನಗರವನ್ನು ತೊರೆದಾಗ ತಂಗಿಯ ಹಾಡೂ ನಿಂತಿತು. ಅಣ್ಣನ ಭಾಗ್ಯವು ತಂಗಿಯ ಪಾಲಿಗೆ ನಷ್ಟವೂ ಆಗಿತ್ತೆಂಬುದನ್ನು ನಾವು ಮರೆಯಬಾರದು.

ಆದರೆ ಆಕೆ ಅಲ್ಲಿಗೇ ನಿಲ್ಲಲಿಲ್ಲ. 1786ರ ಆಗಸ್ಟ್ 1ರಂದು ತಾನೇ ಒಂದು ಧೂಮಕೇತುವನ್ನು ಕಂಡುಹಿಡಿದಳು. 1797ರ ವೇಳೆಗೆ ಆಕೆ ಕಂಡುಹಿಡಿದ ಧೂಮಕೇತುಗಳ ಸಂಖ್ಯೆ 8 ಆಯಿತು. 1787ರಿಂದ ಅಣ್ಣನ ಸಹಾಯಕಳಾಗಿ ವರ್ಷಕ್ಕೆ 50 ಪೌಂಡು ವೇತನ ಪಡೆದಳು. 1828ರಲ್ಲಿ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಚಿನ್ನದ ಪದಕವು ಆಕೆಗೆ ಸಂದಿತು. 97 ವರ್ಷ ಬಾಳಿ 1848ರಲ್ಲಿ ತೀರಿಕೊಂಡಳು.

ಗ್ರಹವು ದೊರೆತು 200 ವರ್ಷ ತುಂಬಿದ 1981ರಲ್ಲಿ ಈ ಮನೆಯನ್ನು ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. ಅಲ್ಲಿ ದೂರದರ್ಶಕದ ಪ್ರತಿಕೃತಿಯನ್ನು ಕಾಣಬಹುದು. ಆದರೆ ಕೆಲಸದ ಕೋಣೆಯ ನೆಲಕ್ಕೆ ಪ್ರತಿಕೃತಿ ಬೇಕಾಗಿಲ್ಲ. ಹಿತ್ತಿಲು ನಮಗೆ ಒಂದು ರಾತ್ರಿಯ ಜಯವನ್ನು ಹೇಳುತ್ತದೆ; ಒಡೆದ ಹಾಸುಗಲ್ಲುಗಳು ಆ ಜಯದ ಹಿಂದುಮುಂದಿನ ದುಡಿಮೆಯನ್ನೂ ಸೋಲನ್ನೂ ಹೇಳುತ್ತವೆ. ಹಳೆಯ ಮನೆಯೊಂದನ್ನು ನೋಡುವ ಅವಕಾಶ ದೊರೆತಾಗ ನಾವು ಗೋಡೆಯ ಮೇಲಿನ ಚಿತ್ರಪಟವನ್ನು ನೋಡಿದ ಬಳಿಕ ಒಮ್ಮೆ ಕಾಲಕೆಳಗಿನ ನೆಲವನ್ನೂ ನೋಡೋಣ. ಒರಳಿನ ಮುಂದೆ ಕುಳಿತಿದ್ದವರು ಯಾರೆಂದು ಕೇಳೋಣ.