ಎಡಗೈಯ ತಂಬೂರಿ

ಪ್ರಶ್ನೆ: ನಾನು ಊರಿನ ಭಜನೆಗೆ ಪೇಟಿ ಬಾರಿಸುವವನು. ದೀಪಾವಳಿಗೆ ಬಂದಿದ್ದ ಮಗಳು ಮೊಬೈಲಿನಲ್ಲಿ ಒಬ್ಬ ಅಮೆರಿಕದವನ ಪಿಯಾನೊ ಕೇಳಿಸಿದಳು. ‘ಕೋಲ್ನ್ ಕಾನ್ಸರ್ಟ್’ ಅಂತ ಹೆಸರು, ಒಂದು ತಾಸಿಗೂ ಮಿಕ್ಕಿ ಇದೆ. ನಡುನಡುವೆ ಅವನು ಮುಲುಗುತ್ತಾನೆ, ಕಾಲು ಬಡಿಯುತ್ತಾನೆ. ಮೀಂಡ್ ಇಲ್ಲ, ಹಾಡಿಲ್ಲ. ಜಾಝ್ ಮಂದಿ ಇದನ್ನು ಐವತ್ತು ವರ್ಷದಿಂದ ತಲೆ ಮೇಲೆ ಹೊತ್ತುಕೊಂಡಿರುವುದೇಕೆ?
– ಓದುಗರೊಬ್ಬರು, ಸನವಳ್ಳಿ, ಮುಂಡಗೋಡ ತಾಲ್ಲೂಕು

ಉತ್ತರ: ಪೇಟಿ ಬಾರಿಸುತ್ತೇನೆ ಎಂದು ನೀವು ಬರೆದದ್ದು ಒಳ್ಳೆಯದಾಯಿತು. ನನ್ನ ಕೆಲಸ ಅರ್ಧ ಕಡಿಮೆಯಾಯಿತು.

ಮೊದಲು ಆ ರಾತ್ರಿಯ ಕಥೆ. 1975ರ ಜನವರಿ 24, ಜರ್ಮನಿಯ ಕೋಲ್ನ್ ನಗರದ ಆಪೆರಾ ಭವನ. ಆ ದಿನದ ಆಪೆರಾ ಮುಗಿದು ಜನ ಹೊರಗೆ ಹೋದ ಮೇಲಷ್ಟೇ ಪಿಯಾನೊ ಕಛೇರಿ. ಅಂದರೆ ರಾತ್ರಿ ಹನ್ನೊಂದೂವರೆಗೆ. ಏರ್ಪಡಿಸಿದವಳು 18 ವರ್ಷದ ವೇರಾ ಬ್ರಾಂಡೆಸ್. ಕಲಾವಿದ ಕೀತ್ ಜ್ಯಾರೆಟ್ ಕೇಳಿದ್ದು ಬೋಸೆನ್‌ಡಾರ್ಫರ್ ಕಂಪನಿಯ ದೊಡ್ಡ ‘ಇಂಪೀರಿಯಲ್’ ಪಿಯಾನೊ. ವೇದಿಕೆ ಮೇಲೆ ಬಂದು ಕೂತಿದ್ದು ಅದೇ ಕಂಪನಿಯದೇ, ಆದರೆ ತಾಲೀಮಿಗೆಂದು ಒಳಗೆ ಇಟ್ಟಿದ್ದ ಸಣ್ಣದು. ತಾರ ಸ್ವರಗಳು ತಗಡು ಬಡಿದಂತೆ, ಮಂದ್ರಕ್ಕೆ ದಮ್ಮಿಲ್ಲ, ಪೆಡಲ್ ಸರಿಯಿಲ್ಲ. ಜ್ಯಾರೆಟ್ ಸ್ವಿಟ್ಜರ್ಲೆಂಡಿನಿಂದ ಕಾರಿನಲ್ಲಿ ಬಂದಿದ್ದರು. ನಿದ್ದೆ ಇಲ್ಲ, ಬೆನ್ನುನೋವಿಗೆ ಪಟ್ಟಿ ಕಟ್ಟಿಕೊಂಡಿದ್ದರು. ನುಡಿಸುವುದಿಲ್ಲ ಎಂದು ಹೊರಟೇ ಬಿಟ್ಟಿದ್ದವರನ್ನು ಆ ಹುಡುಗಿ ಒಪ್ಪಿಸಿದಳು. ಸುಮಾರು 1,400 ಜನ ಕಾದಿದ್ದರು. ಮೈಕುಗಳನ್ನು ಆಗಲೇ ಹೂಡಿಯಾಗಿತ್ತು.

ಅವರು ನುಡಿಸಿದ ಮೊದಲ ಸ್ವರಗಳು ಯಾವುವು ಗೊತ್ತೆ? ಪ್ರೇಕ್ಷಕರನ್ನು ಒಳಗೆ ಕರೆಯಲು ಆ ಭವನದಲ್ಲಿ ಬಾರಿಸುವ ಗಂಟೆಯವು. ನಾಟಕ ಕಂಪನಿಯ ಮೂರನೇ ಗಂಟೆಯನ್ನೇ ಮಾಸ್ತರರು ಪೇಟಿಯ ಮೇಲೆ ನುಡಿಸಿ ನಾಂದಿಗೆ ತೊಡಗಿದ ಹಾಗೆ. ಕೆಲವರು ಮೆಲ್ಲಗೆ ನಕ್ಕರು. ಕಿವಿಗೊಟ್ಟರೆ ಆ ನಗೆ ಈಗಲೂ ರೆಕಾರ್ಡಿನಲ್ಲಿ ಕೇಳುತ್ತದೆ.

ಅಭಿಮಾನಿಗಳು ಹೇಳಿ ಹೇಳಿ ಸವೆಸಿದ ಕಥೆ ಇದು. ಕೆಟ್ಟ ಪಿಯಾನೊದಿಂದಲೇ ಒಳ್ಳೆಯ ಸಂಗೀತ ಹುಟ್ಟಿತು ಎಂದು ಮ್ಯಾನೇಜ್‌ಮೆಂಟ್ ಉಪನ್ಯಾಸಕರು ಕೂಡ ಇದನ್ನು ಉದಾಹರಿಸುವುದುಂಟು. ನಾನು ಪೂರ್ತಿ ಒಪ್ಪುವವನಲ್ಲ. ನಿಜ, ಆ ವಾದ್ಯದ ಕೊರತೆಯಿಂದ ಜ್ಯಾರೆಟ್ ಹೆಚ್ಚಾಗಿ ಮಧ್ಯ ಸಪ್ತಕದಲ್ಲೇ ಉಳಿದರು. ಮಂದ್ರಕ್ಕೆ ಬಲ ಬರಲೆಂದು ಎಡಗೈಯಲ್ಲಿ ಒಂದೇ ನಡೆಯನ್ನು ಮತ್ತೆ ಮತ್ತೆ ಉರುಳಿಸಿದರು. ಆದರೆ ಆ ಎಡಗೈ ಅವರಿಗೆ ಅಂದು ಹೊಸದಾಗಿ ಬಂದದ್ದಲ್ಲ. 1973ರ ಬ್ರೆಮೆನ್, ಲೋಸಾನ್ ಕಛೇರಿಗಳ ರೆಕಾರ್ಡಿನಲ್ಲೂ ಅದು ಇದೆ. ಬಲ್ಲವರಲ್ಲಿ ಹಲವರು ಅವನ್ನೇ ಮೇಲೆಂದು ವಾದಿಸುತ್ತಾರೆ.

ನಿಮಗೆ ಹೇಳಬೇಕಾದದ್ದು ಆ ಎಡಗೈಯ ಬಗ್ಗೆಯೇ. ಮೊದಲ ಭಾಗ 26 ನಿಮಿಷದ್ದು. ಅದರಲ್ಲಿ ಹನ್ನೆರಡು ನಿಮಿಷದಷ್ಟು ಹೊತ್ತು ಎಡಗೈ ಬಹುಮಟ್ಟಿಗೆ ಎರಡೇ ಸ್ವರಗುಚ್ಛಗಳ ನಡುವೆ ತೂಗುತ್ತದೆ. ಎರಡನೇ ಭಾಗ ಶುರುವಾಗುವುದೂ ಹೀಗೆಯೇ. ಅಲ್ಲಿ ಎಂಟು ನಿಮಿಷ ಒಂದೇ ಗುಚ್ಛದ ಮೇಲೆ. ಪಾಶ್ಚಾತ್ಯ ಕಿವಿಗೆ ಇದು ಅಚ್ಚರಿ, ಕೆಲವರಿಗೆ ಬೇಸರ. ನಮಗೆ ಅದು ತಂಬೂರಿ. ತಂಬೂರಿ ಕದಲದೆ ಕೂತಿದ್ದರಿಂದಲೇ ಬಲಗೈ ಎಲ್ಲಿ ಬೇಕಾದರೂ ಅಲೆದು ಬರಬಹುದು, ದಾರಿ ತಪ್ಪುವ ಭಯವಿಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಸ್ಮರಣೆಗೆಂದು ರಾತ್ರಿಯಿಡೀ ನಡೆಯುವ ಸಂಗೀತಕ್ಕೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜ್ಯಾರೆಟ್ ಮೊದಲೇ ಬರೆದಿಟ್ಟುಕೊಂಡದ್ದೇನೂ ಇರಲಿಲ್ಲ. ಆ ಹೊತ್ತಿಗೆ ಕೈಗೆ ಬಂದದ್ದು ಅಷ್ಟೇ. ಕೊನೆಯ ಏಳು ನಿಮಿಷದ ತುಣುಕು ಮಾತ್ರ ಅವರದೇ ಹಳೆಯ ಚೀಜು.

ಮೀಂಡ್ ಇಲ್ಲ ಎಂಬ ನಿಮ್ಮ ತಕರಾರು ನನಗೆ ಸ್ವಲ್ಪ ತಮಾಷೆಯಾಗಿ ಕಂಡಿತು, ಬೇಸರಿಸಬೇಡಿ. ಇದೇ ತಕರಾರಿನಿಂದಲ್ಲವೆ 1940ರಿಂದ 1971ರವರೆಗೆ ಆಕಾಶವಾಣಿ ನಿಮ್ಮ ಪೇಟಿಯನ್ನು ಬಾಗಿಲಾಚೆ ನಿಲ್ಲಿಸಿದ್ದು? ಸ್ವರದಿಂದ ಸ್ವರಕ್ಕೆ ಜಾರಲಾರದ ವಾದ್ಯ ಎಂದು. ಬೆಳಗಾವಿಯ ರಾಮಭಾವು ಬಿಜಾಪುರೆ ಅದೇ ಪೇಟಿಯನ್ನು ಬದುಕಿಡೀ ನುಡಿಸಿದರು, ತಲೆಮಾರುಗಳಿಗೆ ಕಲಿಸಿದರು. ಜಾರಲಾಗದ ಮನೆಗಳ ಮೇಲೆ ಜಾರಿದ ಭ್ರಮೆ ಹುಟ್ಟಿಸುವುದು ಬೆರಳಿನ ಕಸಬು. ಪಿಯಾನೊದವರದೂ ಅದೇ ಪಾಡು.

ಇನ್ನು ಮುಲುಗು. ಅದನ್ನು ಸಹಿಸದವರು ಅಭಿಮಾನಿಗಳಲ್ಲೂ ಇದ್ದಾರೆ. ಬೆರಳು ತಲುಪುವ ಮೊದಲೇ ಗಂಟಲು ಆ ಸ್ವರಕ್ಕೆ ಹೋಗಿಬಿಡುತ್ತದೆ, ಅಷ್ಟೇ. ಭಜನೆಯಲ್ಲಿ ನಿಮ್ಮ ತುಟಿ ಅಲ್ಲಾಡುವುದಿಲ್ಲವೆ? ನಿಮ್ಮ ಮುಂದೆ ಅಷ್ಟು ಹತ್ತಿರ ಮೈಕಿಲ್ಲ ಎನ್ನುವುದಷ್ಟೇ ವ್ಯತ್ಯಾಸ.

ರೆಕಾರ್ಡು ಅದೇ ವರ್ಷ ಎರಡು ಎಲ್‌ಪಿಗಳಲ್ಲಿ ಬಂತು. ಒಂದು ಬದಿಗೆ ಹಿಡಿಸದೆ ಎರಡನೇ ಭಾಗವನ್ನು ನಡುವೆ ಕತ್ತರಿಸಬೇಕಾಯಿತು. ಈವರೆಗೆ ಸುಮಾರು 40 ಲಕ್ಷ ಪ್ರತಿ ಹೋಗಿದೆ. ಒಬ್ಬರೇ ನುಡಿಸಿದ ಪಿಯಾನೊ ರೆಕಾರ್ಡುಗಳಲ್ಲಿ ಇದಕ್ಕಿಂತ ಹೆಚ್ಚು ಮಾರಾಟವಾದದ್ದಿಲ್ಲ. ಸ್ವರ ಬರೆದುಕೊಡಿ ಎಂದು ಅಭಿಮಾನಿಗಳು ವರ್ಷಗಟ್ಟಲೆ ಪೀಡಿಸಿದ ಮೇಲೆ ಜ್ಯಾರೆಟ್ ಲಿಪಿಗೆ ಒಪ್ಪಿದರು. ಕೊನೆಯ ಪ್ರಮಾಣ ಮಾತ್ರ ರೆಕಾರ್ಡೇ, ಕಾಗದವಲ್ಲ ಎಂಬ ಷರತ್ತಿನೊಂದಿಗೆ. ಬಂದಿಶನ್ನು ಪುಸ್ತಕದಲ್ಲಿ ಓದಿ ಕಲಿಯಲು ಹೊರಟವರಿಗೆ ನಮ್ಮ ಗುರುಗಳು ಹೇಳುವ ಮಾತೂ ಇದೇ ತಾನೆ.

ಈ ರೆಕಾರ್ಡನ್ನು ಹೊರತಂದದ್ದು ಇಸಿಎಂ ಎಂಬ ಜರ್ಮನ್ ಕಂಪನಿ. ಬೆಂಗಳೂರಿನ ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಮತ್ತು ಗಾಯಕಿ ಆರ್.ಎ. ರಮಾಮಣಿ, ಸ್ಯಾಕ್ಸೊಫೋನಿನ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ‘ಜ್ಯೋತಿ’ ಧ್ವನಿಮುದ್ರಿಸಿದ್ದು ಈ ಕಂಪನಿಗೇ. ಮಗಳಿಗೆ ಹೇಳಿ, ಅದನ್ನೂ ಹುಡುಕಿ ಕೇಳಿಸಲಿ.

2018ರಲ್ಲಿ ಜ್ಯಾರೆಟ್‌ಗೆ ಎರಡು ಸಲ ಪಾರ್ಶ್ವವಾಯು ಬಡಿಯಿತು. ಹೋದದ್ದು ಎಡಗೈ. ಹೆಚ್ಚೆಂದರೆ ಒಂದು ಬಟ್ಟಲು ಹಿಡಿಯುವಷ್ಟು ಮರಳಬಹುದು ಎಂದು 2020ರಲ್ಲಿ ಅವರೇ ತಿಳಿಸಿದರು.

ನೀವೊಂದು ಕೆಲಸ ಮಾಡಿ. ಪೇಟಿ ಮುಂದಿಟ್ಟುಕೊಂಡು ಬಿಳಿ ಆರು, ಒಂದು, ಮೂರು ಒಟ್ಟಿಗೆ ಒತ್ತಿ. ಆಮೇಲೆ ಬಿಳಿ ಐದು, ಏಳು, ಎರಡು. ಹೀಗೆ ಅತ್ತಿಂದಿತ್ತ ತೂಗುತ್ತ, ಇನ್ನೊಂದು ಕೈಯಿಂದ ಮೇಲಿನ ಸಪ್ತಕದಲ್ಲಿ ತೋಚಿದ್ದು ನುಡಿಸಿ. ಕಂಪನಿ ನಾಟಕದ ಕಾಲುಪೇಟಿಯಾಗಿದ್ದರೆ ಎರಡೂ ಕೈ ಬಿಡುವಾಗಿರುತ್ತಿದ್ದವು. ನಿಮ್ಮದು ಕೈಪೇಟಿ, ತಿದಿ ಒತ್ತಲು ಮಗಳನ್ನೇ ಕೂರಿಸಿಕೊಳ್ಳಿ. ಹನ್ನೆರಡು ನಿಮಿಷ ಹಿಡಿದು ಕೂತು ನೋಡಿ, ಏನಾಯಿತೆಂದು ನನಗೆ ಬರೆಯಿರಿ.