ಕರೆನ್ಸಿ ಹಾಕಿಸುವ ಮುನ್ನ ಒಂದು ಲೆಕ್ಕ

ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಬರುವುದು ಸುಮಾರು ಮೂರು ವರ್ಷಕ್ಕೊಮ್ಮೆ. ಮೊಬೈಲ್ ಕಂಪನಿಗಳ ಪಂಚಾಂಗದಲ್ಲಿ ಪ್ರತಿ ವರ್ಷವೂ ಬರುತ್ತದೆ. 28 ದಿನದ ಪ್ಲ್ಯಾನ್ ಹಾಕಿಸಿಕೊಳ್ಳುವವರು ವರ್ಷಕ್ಕೆ 13 ಸಲ ದುಡ್ಡು ಕಟ್ಟುತ್ತಾರೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ಒಂದರ ಹಿಂದೆ ಒಂದು ದರ ಏರಿಸಿದಾಗ, ದಿನಕ್ಕೆ ಒಂದೂವರೆ ಜಿಬಿ ಕೊಡುವ ಜಿಯೋದ 28 ದಿನದ ಪ್ಲ್ಯಾನ್ 239 ರೂಪಾಯಿಯಿಂದ 299ಕ್ಕೆ ಏರಿತು. ಲೆಕ್ಕಕ್ಕೆ ಆ ದರವನ್ನೇ ಇಟ್ಟುಕೊಳ್ಳೋಣ. ಹನ್ನೆರಡು ಕಂತಾದರೆ 3,588 ರೂ. ಹದಿಮೂರಾದರೆ 3,887. ಮನೆಯಲ್ಲಿ ನಾಲ್ಕು ಫೋನಿದ್ದರೆ ಆ ಒಂದು ಹೆಚ್ಚಿನ ಕಂತಿಗೇ 1,196 ರೂ. ಹೋಗುತ್ತದೆ. ಅಂಗಡಿಯ ಮುಂದೆ ನಿಂತಾಗ 299 ಎಂಬುದು ತಿಂಗಳ ಖರ್ಚೆಂದೇ ಕೇಳಿಸುತ್ತದೆ, ನಿಜಕ್ಕೂ ಅದು ನಾಲ್ಕು ವಾರದ ಖರ್ಚು.

ಇದು ಮೋಸವೇ ಎಂದರೆ, ಕಾನೂನಿನ ಕಣ್ಣಿಗೆ ಅಲ್ಲ. ವ್ಯಾಲಿಡಿಟಿ ಎಷ್ಟು ದಿನ ಎಂದು ಮೊದಲೇ ಹೇಳಿರುತ್ತಾರೆ. ಮೊಬೈಲ್ ಸೇವೆಯ ದರವನ್ನು ಈ ದೇಶದಲ್ಲಿ ಬಹುಮಟ್ಟಿಗೆ ಕಂಪನಿಗಳೇ ಗೊತ್ತುಮಾಡುತ್ತವೆ. 1997ರ ಕಾಯ್ದೆಯಿಂದ ಹುಟ್ಟಿದ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಎಂದರೆ ಟ್ರಾಯ್, ಆ ಕೆಲಸದಿಂದ ಕೈ ಹಿಂದೆಗೆದುಕೊಂಡು ಬಹಳ ಕಾಲವಾಯಿತು. ಹಾಗಾಗಿ ‘ದರ ಜಾಸ್ತಿ ಮಾಡಿದರು’ ಎಂಬುದಷ್ಟನ್ನೇ ಹಿಡಿದು ದೂರು ಕೊಟ್ಟರೆ ಅದು ಎಲ್ಲೂ ನಿಲ್ಲುವುದಿಲ್ಲ. ಆದರೆ ಆ ದರವನ್ನು ಗ್ರಾಹಕರಿಗೆ ಹೇಗೆ ತಿಳಿಸಬೇಕು, ಯಾವ ಬಗೆಯ ಪ್ಲ್ಯಾನನ್ನು ಇಟ್ಟಿರಲೇಬೇಕು, ಬಿಟ್ಟುಹೋಗುವವರನ್ನು ಎಷ್ಟು ದಿನದಲ್ಲಿ ಬಿಡಬೇಕು ಎನ್ನುವುದಕ್ಕೆಲ್ಲ ನಿಯಮಗಳಿವೆ. ಅಗ್ಗದ ಪ್ಲ್ಯಾನ್ ಹುಡುಕುವವರು ಮೊದಲು ನೋಡಬೇಕಾದದ್ದು ಇವನ್ನು.

28 ದಿನದ ವಿಷಯಕ್ಕೇ ಬರುವುದಾದರೆ, ಜನರಿಂದ ದೂರು ಹೆಚ್ಚಾದ ಮೇಲೆ 2022ರ ಜನವರಿಯಲ್ಲಿ ಟ್ರಾಯ್ ಒಂದು ಆದೇಶ ಹೊರಡಿಸಿತು. ಪ್ರತಿ ಕಂಪನಿಯೂ 30 ದಿನ ವ್ಯಾಲಿಡಿಟಿಯ ಪ್ಲ್ಯಾನ್ ಇಟ್ಟಿರಬೇಕು. ಅದರ ಜೊತೆಗೆ, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಪ್ಲ್ಯಾನನ್ನೂ ಇಟ್ಟಿರಬೇಕು. ಐದನೇ ತಾರೀಖು ಸಂಬಳ ಬರುವವರಿಗೆ ಐದನೇ ತಾರೀಖಿಗೇ ರೀಚಾರ್ಜ್ ಬರುವಂಥದ್ದು. ಇಂಥ ಪ್ಲ್ಯಾನ್ ಇದೆಯೇ ಎಂದು ಕೇಳುವವರು ಕಡಿಮೆ. ಕಂಪನಿಯ ಆ್ಯಪ್ ತೆರೆದರೆ ‘ಜನಪ್ರಿಯ’ ಎಂಬ ಪಟ್ಟಿಯೇ ಮೊದಲು ಎದುರಾಗುತ್ತದೆ. ಯಾರಿಗೆ ಪ್ರಿಯ ಎಂದು ಕೇಳಿಕೊಂಡು ಪಟ್ಟಿಯ ಕೊನೆಯವರೆಗೆ ಇಳಿದು ನೋಡುವುದು ಒಳ್ಳೆಯದು.

ಹೋಲಿಸುವಾಗ ನಾನು ಹೇಳುವ ಕ್ರಮ ಸರಳ. ಮೊತ್ತವನ್ನು ದಿನಗಳಿಂದ ಭಾಗಿಸಿ. 299ನ್ನು 28ರಿಂದ ಭಾಗಿಸಿದರೆ ದಿನಕ್ಕೆ 10 ರೂ. 68 ಪೈಸೆ. ಎಲ್ಲ ಪ್ಲ್ಯಾನ್‌ಗಳನ್ನೂ ಹೀಗೆ ದಿನದ ಲೆಕ್ಕಕ್ಕೆ ತಂದರೆ 28, 56, 84, 365 ಎಂಬ ಬೇರೆಬೇರೆ ಅಳತೆಗಳ ಗೊಂದಲ ಮಾಯವಾಗುತ್ತದೆ. ಜಾಹೀರಾತುಗಳಿಗೆ ಇಷ್ಟವಾದ ಲೆಕ್ಕ ‘ಒಂದು ಜಿಬಿಗೆ ಎಷ್ಟು’ ಎನ್ನುವುದು. ಮೇಲಿನ ಪ್ಲ್ಯಾನಿನಲ್ಲಿ ಒಟ್ಟು 42 ಜಿಬಿ, ಅಂದರೆ ಜಿಬಿಗೆ ಏಳು ರೂಪಾಯಿ ಚಿಲ್ಲರೆ, ಬಹಳ ಅಗ್ಗ. ಆದರೆ ತಿಂಗಳಿಗೆ ಹತ್ತೇ ಜಿಬಿ ಬಳಸುವವರಿಗೆ ಜಿಬಿಗೆ 30 ರೂಪಾಯಿ ಬಿತ್ತು. ದಿನದ ಪಾಲು ಆ ದಿನಕ್ಕೇ ಮುಗಿಯುತ್ತದೆ. ಉಳಿದದ್ದನ್ನು ಮರುದಿನಕ್ಕೆ ಸೇರಿಸಲೇಬೇಕು ಎಂಬ ನಿಯಮ ಇಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆ ಎಂಬಲ್ಲಿ ಹೋದ ತಿಂಗಳ ಅಂಕಿ ಸಿಗುತ್ತದೆ. ಮನೆಯಲ್ಲಿ ವೈಫೈ ಇರುವವರು ಅದನ್ನೊಮ್ಮೆ ನೋಡಿದರೆ ಸಾಕು, ತಾವು ದುಡ್ಡು ಕೊಟ್ಟು ಏನನ್ನು ಚೆಲ್ಲುತ್ತಿದ್ದೇವೆ ಎಂದು ತಿಳಿಯುತ್ತದೆ.

ಒಂದೇ ಕಂಪನಿಯ ಆ್ಯಪಿನಲ್ಲಿ ಕುಳಿತು ಹೋಲಿಕೆ ಮಾಡಲಾಗದು. ಯಾವ ದರವನ್ನು ಜಾರಿಗೆ ತಂದರೂ ಏಳು ಕೆಲಸದ ದಿನಗಳೊಳಗೆ ಕಂಪನಿಗಳು ಟ್ರಾಯ್‌ಗೆ ವರದಿ ಮಾಡಬೇಕು. ಹಾಗೆ ಬಂದ ದರಗಳನ್ನು ಟ್ರಾಯ್ ತನ್ನ ದರ ಪೋರ್ಟಲ್‌ನಲ್ಲಿ ಸಾರ್ವಜನಿಕರಿಗೆ ಇಟ್ಟಿದೆ. ಅಲ್ಲಿ ಕರ್ನಾಟಕ ವೃತ್ತವನ್ನು ಆರಿಸಿ, ಪ್ರೀಪೇಯ್ಡೋ ಪೋಸ್ಟ್‌ಪೇಯ್ಡೋ ಎಂದು ಹೇಳಿ, ಬೇರೆಬೇರೆ ಕಂಪನಿಗಳ ಪ್ಲ್ಯಾನುಗಳನ್ನು ನೋಡಬಹುದು. ನೋಡಲು ಅಷ್ಟೇನೂ ಚಂದವಿಲ್ಲ, ನಿಜ. ಆದರೆ ಅದಕ್ಕೆ ನಿಮಗೆ ಏನನ್ನೂ ಮಾರಬೇಕಾಗಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಕಳೆದುಕೊಳ್ಳುತ್ತಿರುವುದು ಕೀಪ್ಯಾಡ್ ಫೋನಿನಲ್ಲಿ. ಊರಿನಲ್ಲಿರುವ ಅಜ್ಜಿಗೆ ಮಗಳ ಫೋನ್ ಬಂದರೆ ಸಾಕು, ಮಾತ್ರೆ ತಗೊಂಡೆಯಾ ಎಂದು ಯಾರಾದರೂ ಕೇಳಿದರೆ ಸಾಕು. ಆಕೆಯ ಫೋನಿನಲ್ಲಿ ವಿಡಿಯೋ ಓಡುವುದೇ ಇಲ್ಲ. ಆದರೂ ದಿನಕ್ಕೆ ಒಂದೂವರೆ ಜಿಬಿಯ ದುಡ್ಡನ್ನು ಮೊಮ್ಮಗ ಇಲ್ಲಿಂದ ಕಟ್ಟುತ್ತಿರುತ್ತಾನೆ. ಎರಡನೇ ಸಿಮ್ಮನ್ನು ಬ್ಯಾಂಕಿನ ಒಟಿಪಿಗೆಂದೇ ಉಳಿಸಿಕೊಂಡವರದ್ದೂ ಇದೇ ಕಥೆ. 2024ರ ಡಿಸೆಂಬರಿನಲ್ಲಿ ಟ್ರಾಯ್ ದೂರಸಂಪರ್ಕ ಗ್ರಾಹಕರ ರಕ್ಷಣಾ ನಿಯಮಗಳಿಗೆ ಹನ್ನೆರಡನೇ ತಿದ್ದುಪಡಿ ತಂದು, ಡೇಟಾ ಇಲ್ಲದೆ ಬರೀ ಕರೆ ಮತ್ತು ಎಸ್ಸೆಮ್ಮೆಸ್‌ಗೆಂದೇ ಇರುವ ವೋಚರ್ ಒಂದನ್ನಾದರೂ ಪ್ರತಿ ಕಂಪನಿಯೂ ಕೊಡಬೇಕು ಎಂದಿತು. ವಿಶೇಷ ವೋಚರುಗಳ ಗರಿಷ್ಠ ಅವಧಿಯನ್ನು 90 ದಿನದಿಂದ 365 ದಿನಕ್ಕೆ ಏರಿಸಿತು. ಮರುತಿಂಗಳೇ ಜಿಯೋ 84 ದಿನಕ್ಕೆ 458 ರೂಪಾಯಿಯದ್ದನ್ನೂ, ಏರ್‌ಟೆಲ್ 499 ರೂಪಾಯಿಯದ್ದನ್ನೂ ತಂದವು. ಡೇಟಾ ಕಿತ್ತುಹಾಕಿಯೂ ದರ ಇಳಿದಿಲ್ಲವಲ್ಲ ಎಂಬ ಮಾತು ಎದ್ದಿತು; ಹೊಸ ವೋಚರುಗಳನ್ನು ಪರಿಶೀಲಿಸುತ್ತೇವೆ ಎಂದು ಟ್ರಾಯ್ ಹೇಳಿತು; ಕೆಲವೇ ದಿನಗಳಲ್ಲಿ ಅವು 448 ಮತ್ತು 469ಕ್ಕೆ ಇಳಿದವು. ದಿನಕ್ಕೆ ಐದೂವರೆ ರೂಪಾಯಿಯ ಆಸುಪಾಸು.

ಈ ತಿದ್ದುಪಡಿಯಲ್ಲಿ ಒಂದು ಕೊರತೆ ಉಳಿದಿದೆ ಎಂದೇ ನನ್ನ ಅಭಿಪ್ರಾಯ. ಇಂಥ ವೋಚರ್ ಒಂದಾದರೂ ಇರಬೇಕು ಎಂದಿತೇ ಹೊರತು, ಅದು ಒಂದು ತಿಂಗಳದ್ದಿರಬೇಕು ಎನ್ನಲಿಲ್ಲ. ಖಾಸಗಿ ಕಂಪನಿಗಳು ಮೊದಲಿಗೆ ತಂದದ್ದು ಹೆಚ್ಚಾಗಿ ದೀರ್ಘ ಅವಧಿಯವನ್ನು. ಅಗ್ಗದ ದರ ಬೇಕಾದವರು ಒಟ್ಟಿಗೆ ನಾನೂರೈವತ್ತು ರೂಪಾಯಿ ಎಣಿಸಬೇಕು. ದಿನಗೂಲಿಯವರಿಗೆ ಅದೇ ಕಷ್ಟ.

ಬಳಸದೆ ಇಟ್ಟ ಸಿಮ್ಮಿನ ವಿಷಯ ಬೇರೆ. 2013ರಿಂದ ಇರುವ ನಿಯಮದಂತೆ, ಬಳಕೆ ಇಲ್ಲವೆಂದು ಪ್ರೀಪೇಯ್ಡ್ ನಂಬರನ್ನು ಕಡಿದುಹಾಕಬೇಕಾದರೆ 90 ದಿನ ಅದರಲ್ಲಿ ಕರೆ, ಸಂದೇಶ, ಡೇಟಾ ಯಾವುದೂ ನಡೆದಿರಬಾರದು. ಆಗಲೂ ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಹಿಡಿದುಕೊಂಡು ಇನ್ನೂ 30 ದಿನ ನಂಬರ್ ಉಳಿಸಬೇಕು. ಅದೂ ಮುಗಿದರೆ ಮರಳಿ ಪಡೆಯಲು 15 ದಿನದ ಅವಕಾಶ. ಆದರೆ ನಂಬರ್ ಉಳಿಯುತ್ತದೆ ಎಂದರೆ ಕರೆ ಬರುತ್ತದೆ ಎಂದಲ್ಲ. ಪ್ಲ್ಯಾನ್ ಮುಗಿದ ಮೇಲೆ ಒಳಬರುವ ಕರೆಯನ್ನು ಕಂಪನಿಗಳು ನಿಲ್ಲಿಸುತ್ತವೆ, ಈ ನಿಯಮ ಅದಕ್ಕೆ ಅಡ್ಡ ಬರುವುದಿಲ್ಲ.

ಹಣ ಕಟ್ಟಿದ ಮೇಲೆ ಸಿಗುವ ರಕ್ಷಣೆಯೂ ಇದೆ. ಯಾವ ಪ್ಲ್ಯಾನ್ ಜಾರಿಯಾಯಿತು, ಎಷ್ಟು ಹಣ ಹೋಯಿತು, ಏನೇನು ಸಿಕ್ಕಿತು ಎಂಬ ಎಸ್ಸೆಮ್ಮೆಸ್ ಬರಬೇಕು, ಅದನ್ನು ಅಳಿಸಬೇಡಿ. ಪ್ಲ್ಯಾನಿಗೆ ಸೇರಿದ ದಿನದಿಂದ ಆರು ತಿಂಗಳು ಅದರ ದರ ಏರಿಸುವಂತಿಲ್ಲ. ವರ್ಷಕ್ಕೆಂದು ಮುಂಗಡ ಕಟ್ಟಿದ್ದರೆ ಆ ಅವಧಿ ಮುಗಿಯುವ ತನಕ ಹಳೆಯ ಷರತ್ತೇ ನಡೆಯಬೇಕು. ದರ ಏರಿಕೆಯ ಸುದ್ದಿ ಹಬ್ಬಿದಾಗ ಜನ ವರ್ಷದ ಪ್ಲ್ಯಾನಿಗೆ ಮುಗಿಬೀಳುವುದು ಇದಕ್ಕೇ. ಪ್ರೀಪೇಯ್ಡ್ ಗ್ರಾಹಕರು ತಮ್ಮ ಕರೆ, ಕಡಿತಗಳ ವಿವರಪಟ್ಟಿಯನ್ನು ಕೇಳಿ ಪಡೆಯಬಹುದು; ಅದಕ್ಕೆ ಕಂಪನಿ 50 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಕೇಳದೆಯೇ ಕಾಲರ್ ಟ್ಯೂನ್, ಕ್ರಿಕೆಟ್ ಸ್ಕೋರ್ ಎಂದು ಏನಾದರೂ ಅಂಟಿಕೊಂಡು ಹಣ ಕಡಿತವಾದರೆ 155223ಕ್ಕೆ ಕರೆ ಮಾಡಿ ನಿಲ್ಲಿಸಬಹುದು. ಕಡಿತವಾದ 24 ಗಂಟೆಯೊಳಗೆ ಹೇಳಿದರೆ, ಒಪ್ಪಿಗೆ ಇಲ್ಲದೆ ಕಡಿದ ಹಣ ವಾಪಸು ಬರಬೇಕು.

ನೆಟ್‌ವರ್ಕ್ ಸಿಗದ ಕಡೆ ಯಾವ ಪ್ಲ್ಯಾನೂ ಅಗ್ಗವಲ್ಲ. ಮಲೆನಾಡಿನ ಒಂಟಿ ಮನೆಗಳವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗುಡ್ಡ ಹತ್ತಿ ಫೋನ್ ಮಾಡುವವರು ಅವರು. 2024ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಗುಣಮಟ್ಟದ ನಿಯಮಗಳ ಪ್ರಕಾರ, ಎಲ್ಲೆಲ್ಲಿ 2ಜಿ, 4ಜಿ, 5ಜಿ ಸಿಗುತ್ತದೆ ಎಂಬ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಹಾಕಬೇಕು. ಸಿಮ್ ಬದಲಿಸುವ ಮುನ್ನ ನಿಮ್ಮ ಊರನ್ನು ಅದರಲ್ಲಿ ಹುಡುಕಿ, ಆಮೇಲೆ ಪಕ್ಕದ ಮನೆಯವರನ್ನೂ ಕೇಳಿ. ಅದೇ ನಿಯಮಗಳಲ್ಲಿ ಇನ್ನೊಂದು ಮಾತಿದೆ: ಒಂದು ಜಿಲ್ಲೆಯಲ್ಲಿ ಸೇವೆ 24 ಗಂಟೆಗೂ ಮೀರಿ ನಿಂತುಹೋದರೆ, ಆ ಜಿಲ್ಲೆಯ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ರಿಯಾಯಿತಿ, ಪ್ರೀಪೇಯ್ಡ್‌ನವರಿಗೆ ಅಷ್ಟು ದಿನದ ವ್ಯಾಲಿಡಿಟಿ ಕೊಡಬೇಕು. ಪ್ರಕೃತಿ ವಿಕೋಪಕ್ಕೆ ಇದು ಅನ್ವಯಿಸುವುದಿಲ್ಲ.

ಬೇರೆ ಕಂಪನಿಯದ್ದೇ ವಾಸಿ ಎಂದು ಲೆಕ್ಕ ಹೇಳಿದರೆ ನಂಬರ್ ಬಿಡಬೇಕಾಗಿಲ್ಲ. 2011ರ ಜನವರಿಯಿಂದ ದೇಶದಾದ್ಯಂತ ಪೋರ್ಟಿಂಗ್ ಇದೆ. 2015ರ ಜುಲೈನಿಂದ ಒಂದು ರಾಜ್ಯದ ನಂಬರನ್ನು ಇನ್ನೊಂದು ರಾಜ್ಯದಲ್ಲೂ ಬದಲಿಸಿಕೊಳ್ಳಬಹುದು. ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ಹತ್ತಂಕಿಯ ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿ (ಪೋರ್ಟ್ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು). ಒಂದು ಕೋಡ್ ಬರುತ್ತದೆ, ಕರ್ನಾಟಕದಲ್ಲಿ ಅದರ ಆಯಸ್ಸು ನಾಲ್ಕು ದಿನ. ಅಷ್ಟರಲ್ಲಿ ಹೊಸ ಕಂಪನಿಯ ಅಂಗಡಿಗೆ ಗುರುತಿನ ದಾಖಲೆಯೊಂದಿಗೆ ಹೋಗಬೇಕು. ಅದೇ ವೃತ್ತದೊಳಗಾದರೆ ಮೂರು ಕೆಲಸದ ದಿನ, ಹೊರಗಾದರೆ ಐದು. ಈಗಿನ ಕಂಪನಿಗೆ ಸೇರಿ 90 ದಿನ ತುಂಬಿರಬೇಕು. ಪೋಸ್ಟ್‌ಪೇಯ್ಡ್ ಆಗಿದ್ದರೆ ಬಾಕಿ ತೀರಿಸಿರಬೇಕು. ಸಿಮ್ ಕಳೆದು ಹೊಸದು ತೆಗೆದುಕೊಂಡಿದ್ದರೆ ಏಳು ದಿನ ಕಾಯಬೇಕು. ಹಳೆಯ ಪ್ರೀಪೇಯ್ಡ್ ಖಾತೆಯಲ್ಲಿ ಉಳಿದ ಹಣ, ದಿನ, ಡೇಟಾ ಯಾವುದೂ ಹಿಂದೆ ಬರುವುದಿಲ್ಲವಾದ್ದರಿಂದ ಪ್ಲ್ಯಾನ್ ಮುಗಿಯಲು ನಾಲ್ಕೈದು ದಿನ ಇರುವಾಗ ಹೊರಡುವುದು ಜಾಣತನ.

ಕೆಲವು ಅಗ್ಗದ ಪ್ಲ್ಯಾನುಗಳಲ್ಲಿ ಎಸ್ಸೆಮ್ಮೆಸ್ ಸೌಲಭ್ಯವೇ ಇಲ್ಲದೆ, ಪೋರ್ಟ್ ಕೋಡ್ ಕೇಳಲೂ ದೊಡ್ಡ ರೀಚಾರ್ಜ್ ಹಾಕಿಸಬೇಕಾದ ಸ್ಥಿತಿ ಇತ್ತು. 2021ರ ಡಿಸೆಂಬರಿನಲ್ಲಿ ಟ್ರಾಯ್ ಅದಕ್ಕೆ ತಡೆ ಹಾಕಿತು: ಎಷ್ಟು ಮೊತ್ತದ ವೋಚರ್ ಇದ್ದರೂ 1900ಕ್ಕೆ ಸಂದೇಶ ಹೋಗಲೇಬೇಕು. ಹೋಗದಿದ್ದರೆ ಅದೇ ಒಂದು ದೂರು. ಕೋಡ್ ಬಂದ ಮೇಲೆ ಹಳೆಯ ಕಂಪನಿಯಿಂದ ‘ಸಾರ್, ನಿಮಗಾಗಿ ಒಂದು ಆಫರ್’ ಎಂದು ಫೋನ್ ಬರುವುದುಂಟು. ಆಫರನ್ನು ಎಸ್ಸೆಮ್ಮೆಸ್‌ನಲ್ಲಿ ಕಳಿಸಿ ಎನ್ನಿ. ಬಾಯಿಮಾತಿನದ್ದನ್ನು ಆಮೇಲೆ ಯಾವ ವೇದಿಕೆಯಲ್ಲೂ ಸಾಬೀತು ಮಾಡಲಾಗದು.

ದೂರಿನ ದಾರಿ ಮೂರು ಮೆಟ್ಟಿಲಿನದ್ದು. ಮೊದಲು 198ಕ್ಕೆ ಕರೆ. ಡಾಕೆಟ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ, ಅದಿಲ್ಲದೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಸಾಮಾನ್ಯ ದೂರಿಗೆ ಮೂರು ದಿನ, ಬಿಲ್ಲಿನ ದೂರಿಗೆ ಕೆಲವು ವಾರಗಳ ಕಾಲಾವಕಾಶ ಕಂಪನಿಗಿದೆ. ಸಮಾಧಾನವಾಗದಿದ್ದರೆ 30 ದಿನದೊಳಗೆ ಕಂಪನಿಯದ್ದೇ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಶುಲ್ಕವಿಲ್ಲ, 39 ದಿನದೊಳಗೆ ತೀರ್ಮಾನ ಬರಬೇಕು. ಟ್ರಾಯ್‌ಗೇ ನೇರವಾಗಿ ಬರೆದು ಕಾಯುವವರು ಬಹಳ ಮಂದಿ. ಒಬ್ಬೊಬ್ಬರ ದೂರನ್ನು ವಿಚಾರಣೆ ಮಾಡಿ ತೀರಿಸುವ ಅಧಿಕಾರ ಅದಕ್ಕಿಲ್ಲ. ದೂರಸಂಪರ್ಕ ಇಲಾಖೆಯ 1063, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಇವೆರಡೂ ಉಚಿತ, ಕೆಲವೊಮ್ಮೆ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಕೊನೆಯ ಮೆಟ್ಟಿಲು ಜಿಲ್ಲಾ ಗ್ರಾಹಕರ ಆಯೋಗ. ಟೆಲಿಫೋನಿನ ವ್ಯಾಜ್ಯ ಗ್ರಾಹಕ ನ್ಯಾಯಾಲಯಕ್ಕೆ ಬರುವುದಿಲ್ಲ ಎಂದು ಕಂಪನಿಗಳ ವಕೀಲರು ವರ್ಷಗಟ್ಟಲೆ ವಾದಿಸುತ್ತಿದ್ದರು, 2009ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಮುಂದಿಟ್ಟುಕೊಂಡು. 2022ರ ಫೆಬ್ರವರಿ 16ರಂದು ವೊಡಾಫೋನ್ ಐಡಿಯಾ ಸೆಲ್ಯುಲರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಂತೂ ‘ಸೇವೆ’ ಎಂಬುದರ ವಿವರಣೆಯಲ್ಲೇ ದೂರಸಂಪರ್ಕದ ಹೆಸರಿದೆ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ, ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಮುಂಬೈಯಲ್ಲಿದೆ, ದೆಹಲಿಯಲ್ಲಿದೆ ಎಂದು ಅಲ್ಲಿಗೆ ಓಡಬೇಕಾಗಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಜೊತೆಗೆ ಲಗತ್ತಿಸಬೇಕಾದದ್ದು ಪ್ಲ್ಯಾನಿನ ವಿವರ ಕಾಣುವ ಸ್ಕ್ರೀನ್‌ಶಾಟ್, ಹಣ ಕಟ್ಟಿದ ದಾಖಲೆ, ಆಗ ಬಂದ ಎಸ್ಸೆಮ್ಮೆಸ್, ಡಾಕೆಟ್ ನಂಬರ್, ಮೇಲ್ಮನವಿಗೆ ಹೋಗಿದ್ದರೆ ಅದರ ಉತ್ತರ. 299 ರೂಪಾಯಿಯ ವ್ಯಾಜ್ಯಕ್ಕೂ, ಐವತ್ತು ಸಾವಿರದ ಬಿಲ್ಲಿನ ವ್ಯಾಜ್ಯಕ್ಕೂ ಅರ್ಜಿ ಒಂದೇ ಬಗೆಯದು.